ನರಸಂಸರ್ಗದ ಪಾಠದಲ್ಲಿ ಔಷಧಿಗಳು: ಖಿನ್ನತೆನಿವಾರಕ ಮತ್ತು ಉತ್ತೇಜಕಗಳ ಪ್ರಾಣಿಪ್ರಯೋಗಗಳನ್ನು ಬೋಧಿಸುವ ಬಗೆ

ಹತ್ತನೆಯ ತರಗತಿಯ ವಿಜ್ಞಾನ ಪಠ್ಯದ ‘ನಿಯಂತ್ರಣ ಮತ್ತು ಸಹಭಾಗಿತ್ವ’ ಘಟಕದಲ್ಲಿ ಸಂಸರ್ಗದ ವಿಷಯ ಬರುವುದು ಕೆಲವೇ ಸಾಲುಗಳಲ್ಲಿ. ನರಕೋಶದ ತುದಿಗೆ ಬಂದ ವಿದ್ಯುತ್ ಆವೇಗ ಅಲ್ಲಿ ಒಂದು ರಾಸಾಯನಿಕವನ್ನು ಬಿಡುಗಡೆ ಮಾಡಿಸುತ್ತದೆ. ಆ ರಾಸಾಯನಿಕ ಸಣ್ಣ ಸಂದನ್ನು ದಾಟಿ ಮುಂದಿನ ನರಕೋಶದಲ್ಲಿ ಅಂಥದೇ ಆವೇಗವನ್ನು ಹುಟ್ಟಿಸುತ್ತದೆ. ಅಷ್ಟಕ್ಕೆ ಪಠ್ಯ ಮುಂದೆ ಹೋಗುತ್ತದೆ. ನಮ್ಮ ಪ್ರಶಿಕ್ಷಣಾರ್ಥಿಗಳ ಪಾಠ ಟಿಪ್ಪಣಿಗಳಲ್ಲಿಯೂ ಇದಕ್ಕೆ ಸಿಗುವುದು ಐದು ನಿಮಿಷ, ಒಂದು ಚಿತ್ರ, ಒಂದು ಪ್ರಶ್ನೆ. ಪರಾವರ್ತಿತ ಚಾಪಕ್ಕೆ ಇಪ್ಪತ್ತು ನಿಮಿಷ ಕೊಟ್ಟವರೂ ಸಂಸರ್ಗವನ್ನು ಓಡಿಸಿಬಿಡುತ್ತಾರೆ.

ಆದರೆ ಮನಸ್ಸಿನ ಕಾಯಿಲೆಗೆ ಕೊಡುವ ಗುಳಿಗೆ, ಚಹಾ, ತಂಬಾಕು, ಕೊಕೇನ್ ಇವೆಲ್ಲ ಕೆಲಸ ಮಾಡುವುದು ಆ ಸಂದಿನಲ್ಲಿಯೇ. ಮಕ್ಕಳ ಪ್ರಶ್ನೆಗಳೂ ಅಲ್ಲಿಂದಲೇ ಏಳುತ್ತವೆ. ಆ ಪ್ರಶ್ನೆಗಳಿಗೆ ಉತ್ತರ ಕೊಡಲು ಶಿಕ್ಷಕರಿಗೆ ಬೇಕಾದ ವಿಷಯಜ್ಞಾನ ಯಾವುದು, ಅದನ್ನು ಒಂದು ಅವಧಿಯೊಳಗೆ ಹೇಗೆ ಹಿಡಿಸಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದು ಈ ಲೇಖನದ ವಿಷಯ. ಪ್ರಾಣಿಪ್ರಯೋಗಗಳನ್ನು ಆಧಾರವಾಗಿ ಇಟ್ಟುಕೊಂಡಿರುವುದಕ್ಕೆ ಕಾರಣ ಸರಳ. ಬದುಕಿರುವ ಮನುಷ್ಯನ ಮಿದುಳಿನ ರಸಾಯನವನ್ನು ನೇರವಾಗಿ ಅಳೆಯುವುದು ಇಂದಿಗೂ ಕಷ್ಟ. ನಮಗೆ ತಿಳಿದಿರುವುದರಲ್ಲಿ ಬಹುಪಾಲು ಇಲಿ, ಮೊಲ, ಬೆಕ್ಕುಗಳಿಂದ ಬಂದದ್ದು.

ಗಂಜ್‌ನ ಹೋಲಿಕೆ

ಈ ಪಾಠಕ್ಕೆ ನೆಹರು ಗಂಜ್‌ಗಿಂತ ಒಳ್ಳೆಯ ಬೋಧನೋಪಕರಣ ನಮ್ಮ ಊರಿನ ಮಕ್ಕಳಿಗೆ ಸಿಗದು. ತೊಗರಿಯ ಸುಗ್ಗಿಯಲ್ಲಿ ಅಡತಿ ಅಂಗಡಿಯ ಮುಂದೆ ಒಂದು ಗಳಿಗೆ ನಿಂತವರಿಗೆಲ್ಲ ಈ ಚಿತ್ರ ಗೊತ್ತು. ಒಳಗೆ ಗೋದಾಮು, ಗೋದಾಮಿನಲ್ಲಿ ತುಂಬಿದ ಚೀಲಗಳು. ಹಮಾಲರು ಚೀಲ ತಂದು ಅಂಗಳದಲ್ಲಿ ಸುರಿಯುತ್ತಾರೆ. ತೂಕ ಮುಗಿದ ಮೇಲೆ ನೆಲದಲ್ಲಿ ಉಳಿದ ಕಾಳನ್ನು ಹೆಣ್ಣುಮಕ್ಕಳು ಗುಡಿಸಿ ಮತ್ತೆ ಚೀಲಕ್ಕೆ ತುಂಬುತ್ತಾರೆ. ಗಾದಿಯ ಮೇಲೆ ಕುಳಿತ ಮುನೀಮ ಅಂಗಳದ ಮೇಲೆ ಕಣ್ಣಿಟ್ಟಿರುತ್ತಾನೆ. ಅಂಗಳ ತುಂಬಿತೆಂದರೆ “ಸಾಕು, ಇನ್ನ ಸುರೀಬ್ಯಾಡ್ರಿ” ಎಂದು ಕೂಗುತ್ತಾನೆ.

ಇದನ್ನು ಕರಿಹಲಗೆಯ ಮೇಲೆ ನರತುದಿಯ ಚಿತ್ರಕ್ಕೆ ಹೊಂದಿಸಬಹುದು. ಗೋದಾಮು ಎಂದರೆ ನರಕೋಶದ ತುದಿ. ಚೀಲಗಳು ನರವಾಹಕ ರಾಸಾಯನಿಕವನ್ನು ತುಂಬಿಟ್ಟ ಸಣ್ಣ ಕೋಶಿಕೆಗಳು. ಅಂಗಳವೇ ಸಂಸರ್ಗದ ಸಂದು. ಅದರ ಅಗಲ ಸುಮಾರು 20 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಐವತ್ತು ಸಾವಿರದಲ್ಲಿ ಒಂದು ಪಾಲು. ಗುಡಿಸುವವರು ಸಾಗಣೆ ಪ್ರೋಟೀನುಗಳು; ಅವರ ಕೆಲಸಕ್ಕೆ ಮರುಹೀರಿಕೆ ಎಂದು ಹೆಸರು. ಚೀಲಕ್ಕೆ ಸೇರದೆ ಗೋದಾಮಿನಲ್ಲಿ ಬಿಡಿಯಾಗಿ ಉಳಿದ ಕಾಳನ್ನು ಹುಳ ತಿಂದು ಹಾಕುತ್ತದಲ್ಲ, ಆ ಹುಳದ ಜಾಗದಲ್ಲಿ ಮೊನೊಅಮೈನ್ ಆಕ್ಸಿಡೇಸ್ ಎಂಬ ಕಿಣ್ವವಿದೆ. ಮುನೀಮ ಎಂದರೆ ಬಿಡುಗಡೆ ಮಾಡಿದ ನರಕೋಶದ ಮೇಲೆಯೇ ಇರುವ ಸ್ವಗ್ರಾಹಕ. ಅಂಗಳದ ಆಚೆ ಬದಿಯಲ್ಲಿ ಮುಂದಿನ ನರಕೋಶದ ಗ್ರಾಹಕಗಳು.

ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನೂ ಹೇಳಿಯೇ ಮುಂದೆ ಹೋಗಬೇಕು. ಗಂಜ್‌ನಲ್ಲಿ ಖರೀದಿದಾರ ಮಾಲನ್ನು ಒಯ್ಯುತ್ತಾನೆ; ಗ್ರಾಹಕವೆಂಬ ಹೆಸರಿದ್ದರೂ ನರಕೋಶದ ಗ್ರಾಹಕ ರಾಸಾಯನಿಕವನ್ನು ಒಯ್ಯುವುದಿಲ್ಲ, ಮುಟ್ಟಿ ಸಂದೇಶ ಪಡೆದು ಬಿಟ್ಟುಬಿಡುತ್ತದೆ. ಈ ಒಂದು ಪದದಿಂದಲೇ ಮಕ್ಕಳು ತಪ್ಪು ತಿಳಿಯುವುದನ್ನು ಎಷ್ಟೋ ತರಗತಿಗಳಲ್ಲಿ ಕಾಣಬಹುದು.

ಬೇರಿನಿಂದ ಮೊಲದವರೆಗೆ

ಮಿದುಳಿನ ರಸಾಯನಕ್ಕೂ ಮನಸ್ಥಿತಿಗೂ ಇರುವ ನಂಟಿನ ಕಥೆ ನಮ್ಮ ದೇಶದ ಒಂದು ಬೇರಿನಿಂದ ಶುರುವಾಗುತ್ತದೆ. ಸರ್ಪಗಂಧ ಆಯುರ್ವೇದಕ್ಕೆ ಹಳೆಯ ಮದ್ದು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಅದು ರಕ್ತದೊತ್ತಡವನ್ನು ಇಳಿಸುತ್ತದೆ, ಉನ್ಮಾದವನ್ನು ತಣಿಸುತ್ತದೆ ಎಂದು ಬರೆದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ಅವರ ಲೇಖನ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಬಂದ ಮೇಲೆ ಹೊರಗಿನವರ ಗಮನ ಇತ್ತ ಹರಿಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನ ವಿಜ್ಞಾನಿಗಳು ಆ ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು.

1955ರಲ್ಲಿ ಅಮೆರಿಕದಲ್ಲಿ ಪ್ಲೆಚರ್, ಶೋರ್, ಬ್ರೋಡಿ ಎಂಬ ಮೂವರು ರಿಸರ್ಪಿನ್ ಕೊಟ್ಟ ಮೊಲಗಳ ಮಿದುಳಿನಲ್ಲಿ ಸೆರೊಟೋನಿನ್ ಬರಿದಾಗುವುದನ್ನು ಕಂಡರು. ಗಂಜ್‌ನ ಭಾಷೆಯಲ್ಲಿ ಹೇಳುವುದಾದರೆ ರಿಸರ್ಪಿನ್ ಚೀಲ ತುಂಬುವುದನ್ನೇ ತಡೆಯುತ್ತದೆ. ಕಾಳು ಗೋದಾಮಿನಲ್ಲಿ ಬಿಡಿಯಾಗಿ ಬೀಳುತ್ತದೆ, ಹುಳ ತಿನ್ನುತ್ತದೆ. ಹಮಾಲ ಬಂದರೆ ಹೊರಲು ಚೀಲವೇ ಇಲ್ಲ.

ಇದರ ಮುಂದಿನ ಪ್ರಯೋಗವನ್ನು ತರಗತಿಯಲ್ಲಿ ನಿಧಾನವಾಗಿ ಹೇಳಬೇಕು, ಏಕೆಂದರೆ ವೈಜ್ಞಾನಿಕ ತರ್ಕವನ್ನು ಕಲಿಸಲು ಇದಕ್ಕಿಂತ ಚೊಕ್ಕ ಉದಾಹರಣೆ ಈ ಘಟಕದಲ್ಲಿ ಸಿಗುವುದಿಲ್ಲ. ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ಮತ್ತು ಸಂಗಡಿಗರು 1957ರಲ್ಲಿ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಕಿವಿ ಜೋತುಬಿದ್ದು ಮೊಲಗಳು ಅಲುಗಾಡದೆ ಬಿದ್ದುಕೊಂಡವು. ನಂತರ ಡೋಪಾ ಎಂಬ ಪದಾರ್ಥವನ್ನು ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲಿಯೇ ಮೊಲಗಳು ಕಿವಿ ನಿಮಿರಿಸಿ ಓಡಾಡಿದವು. ಆಗ ಎಲ್ಲರೂ ನಂಬಿದ್ದದ್ದು ಡೋಪಾದಿಂದ ನಾರ್‌ಅಡ್ರಿನಲಿನ್ ಆಗುತ್ತದೆ, ಅದರಿಂದಲೇ ಚೇತರಿಕೆ ಎಂದು. ಎದ್ದು ಕುಳಿತ ಪ್ರಾಣಿಗಳ ಮಿದುಳನ್ನು ನೋಡಿದರೆ ನಾರ್‌ಅಡ್ರಿನಲಿನ್ ಇನ್ನೂ ಬರಿದೇ! ಹಾಗಾದರೆ ಎಬ್ಬಿಸಿದ್ದು ಯಾವುದು? ನಡುದಾರಿಯ ಪದಾರ್ಥವೆಂದಷ್ಟೇ ತಿಳಿದಿದ್ದ ಡೋಪಮಿನ್. ಅದು ಮಿದುಳಿನಲ್ಲಿ ಸ್ವತಂತ್ರವಾಗಿ ಕೆಲಸ ಮಾಡುವ ರಾಸಾಯನಿಕವೆಂಬುದು ಹೀಗೆ ತಿಳಿಯಿತು. ಪಾರ್ಕಿನ್ಸನ್ ಕಾಯಿಲೆಗೆ ಡೋಪಾ ಔಷಧಿಯಾದದ್ದು ಇದರ ಫಲ; ಕಾರ್ಲ್‌ಸನ್ನರಿಗೆ 2000ದಲ್ಲಿ ನೊಬೆಲ್ ಬಂತು. ನಮ್ಮ ಹೊಲದ ಬೇಲಿಗಳಲ್ಲಿ ಹಬ್ಬುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದಲ್ಲಿ ಇದೇ ಡೋಪಾ ಇದೆ ಎಂದರೆ ಹಳ್ಳಿಯ ಮಕ್ಕಳು ಮತ್ತೆ ಪಾಠ ಮರೆಯುವುದಿಲ್ಲ. ತಿಂದು ನೋಡಬಾರದೆಂಬ ಎಚ್ಚರಿಕೆಯನ್ನು ಜೊತೆಗೇ ಹೇಳಬೇಕು.

ಡೋಪಮಿನ್ ಬೇಕಾಗಿದ್ದರೆ ಡೋಪಮಿನ್ನನ್ನೇ ಏಕೆ ಚುಚ್ಚಲಿಲ್ಲ? ಈ ಪ್ರಶ್ನೆಯನ್ನು ಮಕ್ಕಳು ಕೇಳದಿದ್ದರೆ ಶಿಕ್ಷಕರೇ ಕೇಳಬೇಕು. ರಕ್ತಕ್ಕೂ ಮಿದುಳಿಗೂ ನಡುವೆ ಒಂದು ತಡೆ ಇದೆ. ಡೋಪಮಿನ್, ಸೆರೊಟೋನಿನ್ ಅದನ್ನು ದಾಟಲಾರವು, ಡೋಪಾ ದಾಟುತ್ತದೆ. ಇಲ್ಲಿ ಕಮಲಾಪುರದ ಕೆಂಬಾಳೆಯನ್ನು ತರಬಹುದು. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ನಮ್ಮ ಹೆಮ್ಮೆಯ ಹಣ್ಣು ಅದು. ‘ಬಾಳೆಹಣ್ಣಿನಲ್ಲಿ ಸೆರೊಟೋನಿನ್ ಇದೆ, ತಿಂದರೆ ಮನಸ್ಸು ಹಗುರಾಗುತ್ತದೆ’ ಎಂಬ ಮಾತು ಮೊಬೈಲಿನಲ್ಲಿ ಓಡಾಡುತ್ತಲೇ ಇರುತ್ತದೆ. ಬಾಳೆಹಣ್ಣಿನಲ್ಲಿ ಸೆರೊಟೋನಿನ್ ಇರುವುದು ನಿಜ, 1958ರಲ್ಲಿಯೇ ಅದನ್ನು ಅಳೆದಿದ್ದರು. ಆದರೆ ಹಣ್ಣಿನ ಸೆರೊಟೋನಿನ್ ಮಿದುಳಿನ ಬಾಗಿಲಲ್ಲಿಯೇ ನಿಲ್ಲುತ್ತದೆ. ಕೆಂಬಾಳೆಯನ್ನು ಅದರ ರುಚಿಗಾಗಿ ತಿನ್ನೋಣ.

ಒಂದೇ ಅಂಗಳ, ಎರಡು ಔಷಧಿ

ಈ ಸಲದ ಅಭ್ಯಾಸ ಬೋಧನೆಯಲ್ಲಿ ಗಂಜ್‌ನ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಸಂಸರ್ಗದ ಪಾಠ ನಡೆಯುತ್ತಿತ್ತು. ಪ್ರಶಿಕ್ಷಣಾರ್ಥಿ ಮರುಹೀರಿಕೆಯನ್ನು ವಿವರಿಸಿ, ಕೊಕೇನ್ ಅದನ್ನು ತಡೆಯುತ್ತದೆ, ಖಿನ್ನತೆಯ ಗುಳಿಗೆಗಳೂ ತಡೆಯುತ್ತವೆ ಎಂದು ಹೇಳಿದರು. ಹೇಳಿದ್ದು ಸರಿಯೇ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು: “ಮೇಡಂ, ನಮ್ಮವ್ವ ಆರು ತಿಂಗಳಿಂದ ಮನಸ್ಸಿನ ಗುಳಗಿ ತಗೊಳ್ಳತ್ತಾಳ್ರಿ. ಅದು ನಶಾದ ಗುಳಗಿ ಅದ, ಚಟ ಹತ್ತತದ, ಬಿಡಸ್ರಿ ಅಂತ ನಮ್ಮ ಕಾಕಾ ಅಂತಾನ್ರಿ. ಖರೇನೇನ್ರಿ?” ಪ್ರಶಿಕ್ಷಣಾರ್ಥಿ ಒಂದು ಕ್ಷಣ ತಡೆದು, “ಡಾಕ್ಟರ್‌ಗೆ ಕೇಳಲಾರದೆ ಬಿಡಬಾರದವ್ವ” ಎಂದರು. ಆ ಗಳಿಗೆಗೆ ಅದಕ್ಕಿಂತ ಒಳ್ಳೆಯ ಉತ್ತರ ಇರಲಿಲ್ಲ. ಆದರೆ ಹುಡುಗಿ ಮನೆಗೆ ಹೋಗಿ ಕಾಕಾನ ಮುಂದೆ ಏನು ಹೇಳಬೇಕು? ‘ಎರಡೂ ಮರುಹೀರಿಕೆ ತಡೆಯುತ್ತವೆ’ ಎಂಬಲ್ಲಿ ಪಾಠ ನಿಂತರೆ ಕಾಕಾನ ಮಾತಿಗೆ ಶಾಲೆಯ ಮುದ್ರೆ ಬಿದ್ದಂತಾಗುತ್ತದೆ. ಅರ್ಧ ವಿಷಯ ಹೇಳಿದ ಪಾಠದಿಂದ ಒಂದು ಮನೆಯಲ್ಲಿ ಔಷಧಿ ನಿಂತುಹೋಗುವ ಸಾಧ್ಯತೆ ಇದೆ.

ಆದ್ದರಿಂದ ಇನ್ನರ್ಧವನ್ನು ನೋಡೋಣ. ಮರುಹೀರಿಕೆಯನ್ನು ಕಂಡುಹಿಡಿದದ್ದು ಅಮೆರಿಕದ ಜೂಲಿಯಸ್ ಆ್ಯಕ್ಸೆಲ್‌ರಾಡ್. 1960ರ ಆಸುಪಾಸಿನಲ್ಲಿ ಅವರ ತಂಡ ವಿಕಿರಣಶೀಲ ನಾರ್‌ಅಡ್ರಿನಲಿನ್ನನ್ನು ಬೆಕ್ಕುಗಳಿಗೆ ಚುಚ್ಚಿ ಅದು ಎಲ್ಲಿಗೆ ಹೋಗುತ್ತದೆಂದು ಜಾಡು ಹಿಡಿಯಿತು. ಬಿಡುಗಡೆಯಾದ ರಾಸಾಯನಿಕ ಅಲ್ಲಲ್ಲಿಯೇ ಒಡೆದುಹೋಗುತ್ತದೆಂಬುದು ಆಗಿನ ನಂಬಿಕೆ. ಬಹಳಷ್ಟು ಪಾಲು ಒಡೆಯದೆ ನರತುದಿಗಳೊಳಕ್ಕೆ ಹಿಂದಿರುಗುತ್ತಿತ್ತು. ಮೊದಲೇ ಕೊಕೇನ್ ಕೊಟ್ಟ ಬೆಕ್ಕುಗಳಲ್ಲಿ ಈ ಹಿಂದಿರುಗುವಿಕೆ ತಗ್ಗಿತು. ಇಮಿಪ್ರಮಿನ್ ಕೊಟ್ಟಾಗಲೂ ತಗ್ಗಿತು. ಇಮಿಪ್ರಮಿನ್ ಖಿನ್ನತೆಗೆ ಒಳ್ಳೆಯದೆಂದು ಸ್ವಿಟ್ಜರ್ಲೆಂಡಿನ ವೈದ್ಯ ರೋಲಾಂಡ್ ಕೂನ್ ರೋಗಿಗಳಲ್ಲಿ ಗಮನಿಸಿ 1957ರಲ್ಲಿ ಬರೆದಿದ್ದರು. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಮೊದಲ ಸುಳಿವು ಸಿಕ್ಕದ್ದು ಬೆಕ್ಕುಗಳಿಂದ. 1964ರಲ್ಲಿ ಇಲಿಯ ಮಿದುಳಿನಲ್ಲಿಯೂ ಇದು ಖಚಿತವಾಯಿತು. 1970ರ ನೊಬೆಲ್ ಪಡೆದವರಲ್ಲಿ ಆ್ಯಕ್ಸೆಲ್‌ರಾಡ್ ಒಬ್ಬರು.

ಎರಡೂ ಗುಡಿಸುವವರನ್ನು ತಡೆಯುತ್ತವೆ. ಒಂದು ಚಟ ಹಿಡಿಸುತ್ತದೆ, ಇನ್ನೊಂದು ಹಿಡಿಸುವುದಿಲ್ಲ. ವ್ಯತ್ಯಾಸ ಇರುವುದು ಯಾವ ಕಾಳು, ಯಾವ ಅಂಗಳ ಎಂಬುದರಲ್ಲಿ. ಮಿದುಳಿನ ಆಳದಲ್ಲಿ ನ್ಯೂಕ್ಲಿಯಸ್ ಅಕುಂಬೆನ್ಸ್ ಎಂಬ ಸಣ್ಣ ಭಾಗವಿದೆ. ‘ಇದು ಬೇಕು, ಇನ್ನೂ ಬೇಕು’ ಎಂಬ ಸೆಳೆತದಲ್ಲಿ ಅದರದು ದೊಡ್ಡ ಪಾತ್ರ. ಇಟಲಿಯ ಡಿ ಕಿಯಾರಾ ಮತ್ತು ಇಂಪೆರಾಟೊ 1988ರಲ್ಲಿ ಓಡಾಡಿಕೊಂಡಿದ್ದ ಇಲಿಗಳ ಮಿದುಳಿನ ಆ ಭಾಗಕ್ಕೆ ಕೂದಲೆಳೆಯಂಥ ಕೊಳವೆ ಇಟ್ಟು ಡೋಪಮಿನ್ ಅಳೆದರು. ಆ್ಯಂಫೆಟಮಿನ್, ಕೊಕೇನ್, ನಿಕೊಟಿನ್, ಅಫೀಮಿನ ವರ್ಗದ ಮದ್ದು, ಮದ್ಯಸಾರ ಇವುಗಳಲ್ಲಿ ಯಾವುದನ್ನು ಕೊಟ್ಟರೂ ಅಲ್ಲಿ ಡೋಪಮಿನ್ ಏರಿತು. ಇಮಿಪ್ರಮಿನ್ ಕೊಟ್ಟಾಗ ಏರಲಿಲ್ಲ. ಒಂದೇ ಪ್ರಯೋಗಾಲಯ, ಒಂದೇ ಅಳತೆ, ಎರಡು ಬೇರೆ ಫಲಿತಾಂಶ. ಸನ್ನೆ ಒತ್ತಿದರೆ ಔಷಧಿ ಸಿಗುವ ಪೆಟ್ಟಿಗೆಯಲ್ಲಿ ಬಿಟ್ಟ ಪ್ರಾಣಿಗಳು ಕೊಕೇನಿಗಾಗಿ ಮತ್ತೆ ಮತ್ತೆ ಸನ್ನೆ ಒತ್ತುತ್ತವೆ. ಇಮಿಪ್ರಮಿನ್‌ಗಾಗಿ ಹಾಗೆ ಒತ್ತುವುದಿಲ್ಲ. ಕಾಕಾನಿಗೆ ಕೊಡಬೇಕಾದ ಉತ್ತರ ಇಲ್ಲಿದೆ.

ಇದರೊಂದಿಗೆ ಮತ್ತೊಂದು ಮಾತನ್ನು ಮುಚ್ಚಿಡಬಾರದು. ಖಿನ್ನತೆಯ ಗುಳಿಗೆಯನ್ನು ತಟ್ಟನೆ ನಿಲ್ಲಿಸಿದರೆ ಕೆಲವರಿಗೆ ತಲೆಸುತ್ತು, ನಿದ್ದೆಗೇಡು, ಕಳವಳ ಆಗುತ್ತದೆ. ಜನ ಇದನ್ನೇ ಚಟ ಎನ್ನುತ್ತಾರೆ. ದೇಹ ಔಷಧಿಗೆ ಹೊಂದಿಕೊಂಡದ್ದರಿಂದ ಆಗುವ ತೊಂದರೆ ಇದು. ಚಟದಲ್ಲಿರುವ ಹಂಬಲ, ಪ್ರಮಾಣ ಏರಿಸುತ್ತ ಹೋಗುವ ಒತ್ತಡ ಇದರಲ್ಲಿ ಕಾಣುವುದಿಲ್ಲ. ಬಿಡುವ ಕಾಲ ಬಂದಾಗ ವೈದ್ಯರು ಪ್ರಮಾಣವನ್ನು ಮೆಲ್ಲಗೆ ಇಳಿಸುವುದು ಇದಕ್ಕಾಗಿಯೇ.

ಉತ್ತೇಜಕಗಳು

ಆ್ಯಂಫೆಟಮಿನ್ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಗುಡಿಸುವವರನ್ನು ತಡೆಯುವುದಷ್ಟೇ ಅಲ್ಲ, ಅವರನ್ನು ಉಲ್ಟಾ ಓಡಿಸುತ್ತದೆ. ಒಳಗಿನ ಚೀಲಗಳು ಸೋರುತ್ತವೆ, ಸೋರಿದ ಕಾಳನ್ನು ಗುಡಿಸುವವರೇ ಬುಟ್ಟಿಗಟ್ಟಲೆ ಹೊರಗೆ ಸುರಿಯುತ್ತಾರೆ. ಹಮಾಲರ ಕರೆಗೂ ಇದಕ್ಕೂ ಸಂಬಂಧವಿಲ್ಲ. ನರದ ಆವೇಗ ಬರಲಿ ಬಿಡಲಿ, ಅಂಗಳ ತುಂಬುತ್ತದೆ.

ಇದನ್ನು ಅರಿಯಲು ನೆರವಾದದ್ದು 1996ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಮಾರ್ಕ್ ಕೆರಾನ್ ಅವರ ತಂಡ ರೂಪಿಸಿದ ಒಂದು ಬಗೆಯ ಇಲಿಮರಿ. ಡೋಪಮಿನ್ ಸಾಗಣೆ ಪ್ರೋಟೀನಿನ ಜೀನನ್ನೇ ತೆಗೆದುಹಾಕಿದ ಸುಂಡಿಲಿಗಳವು. ಗುಡಿಸುವವರೇ ಇಲ್ಲದ ಅಂಗಳ. ಆ ಸುಂಡಿಲಿಗಳು ಒಂದೆಡೆ ನಿಲ್ಲದೆ ಓಡಾಡುತ್ತಲೇ ಇದ್ದವು. ಅವಕ್ಕೆ ಕೊಕೇನ್, ಆ್ಯಂಫೆಟಮಿನ್ ಕೊಟ್ಟರೆ ಓಡಾಟ ಮತ್ತೆ ಹೆಚ್ಚಲಿಲ್ಲ. ಆ ಔಷಧಿಗಳು ಹಿಡಿಯುವ ಜಾಗವೇ ಅಲ್ಲಿರಲಿಲ್ಲವಲ್ಲ.

ಮುಂದೆ 1999ರಲ್ಲಿ ಅದೇ ಬಳಗ ಒಂದು ಒಗಟನ್ನು ಕಂಡಿತು. ಗಮನಕೊರತೆ ಮತ್ತು ಅತಿಚಟುವಟಿಕೆಯ ಮಕ್ಕಳಿಗೆ ವೈದ್ಯರು ಮೀಥೈಲ್‌ಫೆನಿಡೇಟ್ ಎಂಬ ಉತ್ತೇಜಕ ಕೊಡುತ್ತಾರೆ, ಮಕ್ಕಳು ಶಾಂತರಾಗುತ್ತಾರೆ. ಉತ್ತೇಜಕ ಶಾಂತಗೊಳಿಸುವುದೆಂದರೇನು? ಡೋಪಮಿನ್ ಸಾಗಣೆ ಪ್ರೋಟೀನ್ ಇಲ್ಲದ ಈ ಸುಂಡಿಲಿಗಳನ್ನೂ ಮೀಥೈಲ್‌ಫೆನಿಡೇಟ್ ಶಾಂತಗೊಳಿಸಿತು. ಅವುಗಳ ಡೋಪಮಿನ್ ಮಟ್ಟ ಮಾತ್ರ ಬದಲಾಗಿರಲಿಲ್ಲ. ಅಷ್ಟೇ ಚೆನ್ನಾಗಿ ಶಾಂತಗೊಳಿಸಿದ ಇನ್ನೊಂದು ಔಷಧಿ ಫ್ಲುವೊಕ್ಸೆಟಿನ್, ಅಂದರೆ ಸೆರೊಟೋನಿನ್ ಮರುಹೀರಿಕೆಯನ್ನು ತಡೆಯುವ ಖಿನ್ನತೆಯ ಗುಳಿಗೆ. ಉತ್ತೇಜಕದ ಶಾಂತಗುಣ, ಆ ಪ್ರಾಣಿಗಳಲ್ಲಾದರೂ, ಸೆರೊಟೋನಿನ್ ದಾರಿಯಿಂದ ಬಂದಿತ್ತು. ‘ಡೋಪಮಿನ್ ಅಂದರೆ ಸಂತೋಷ, ಸೆರೊಟೋನಿನ್ ಅಂದರೆ ಶಾಂತಿ’ ಎಂದು ಕರಿಹಲಗೆಯ ಮೇಲೆ ಎರಡು ಕಾಲಂ ಎಳೆಯುವ ಪ್ರಶಿಕ್ಷಣಾರ್ಥಿಗಳು ಈ ಒಂದು ಪ್ರಯೋಗವನ್ನು ಓದಿದರೆ ಆ ಗೆರೆಯನ್ನು ತಾವೇ ಒರೆಸುತ್ತಾರೆ.

ಪರೀಕ್ಷೆಯ ದಿನಗಳಲ್ಲಿ ಮಕ್ಕಳಿಗೆ ಹತ್ತಿರದ ಉತ್ತೇಜಕ ಚಹಾ. ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ಪದಾರ್ಥ ಕೂಡುತ್ತದೆ. 1997ರಲ್ಲಿ ಇದನ್ನು ನಿದ್ದೆಗೆಡಿಸಿದ ಬೆಕ್ಕುಗಳಲ್ಲಿ ಅಳೆದರು. ಅದು ತನ್ನ ಗ್ರಾಹಕಕ್ಕೆ ಕೂತರೆ ತೂಕಡಿಕೆ. ಕೆಫೀನ್ ಆ ಗ್ರಾಹಕದಲ್ಲಿ ಹೋಗಿ ಕೂತುಬಿಡುತ್ತದೆ, ಬೀಗದಲ್ಲಿ ಮುರಿದ ಕೀಲಿ ಸಿಕ್ಕಿಕೊಂಡ ಹಾಗೆ. ಎ ಎರಡು ಎ ಎಂಬ ಬಗೆಯ ಅಡೆನೊಸಿನ್ ಗ್ರಾಹಕ ಇಲ್ಲದ ಸುಂಡಿಲಿಗಳಿಗೆ ಕೆಫೀನ್ ಕೊಟ್ಟರೂ ಎಚ್ಚರ ಹೆಚ್ಚಲಿಲ್ಲ ಎಂಬುದು 2005ರಲ್ಲಿ ತಿಳಿಯಿತು. ಕೂಡಿದ ಅಡೆನೊಸಿನ್ ಎಲ್ಲಿಯೂ ಹೋಗಿರುವುದಿಲ್ಲ. ಕೆಫೀನ್ ಇಳಿದಾಗ ಸಾಲ ಬಡ್ಡಿಸಮೇತ ಬಾಗಿಲಿಗೆ ಬರುತ್ತದೆ.

ಎರಡು ವಾರದ ಒಗಟು, ಮತ್ತು ಬೆಂಗಳೂರಿನ ಇಲಿಗಳು

ಫ್ಲುವೊಕ್ಸೆಟಿನ್ ಸೆರೊಟೋನಿನ್ ಮರುಹೀರಿಕೆಯನ್ನು ತಡೆಯುತ್ತದೆಂಬುದನ್ನು 1974ರಲ್ಲಿ ಇಲಿಯ ಮಿದುಳಿನಿಂದ ತೆಗೆದ ನರತುದಿಗಳಲ್ಲಿ ತೋರಿಸಿದರು. 1987ರ ಕೊನೆಗೆ ಅಮೆರಿಕದಲ್ಲಿ ಅದು ಔಷಧಿಯಾಗಿ ಮಾನ್ಯತೆ ಪಡೆಯಿತು. ಗುಳಿಗೆ ನುಂಗಿದ ಕೆಲವು ಗಂಟೆಗಳಲ್ಲಿ ಮರುಹೀರಿಕೆ ತಗ್ಗುತ್ತದೆ. ಆದರೆ ರೋಗಿಗೆ ಹಗುರವೆನಿಸಲು ಎರಡರಿಂದ ಆರು ವಾರ ಬೇಕು. ಸೆರೊಟೋನಿನ್ ಕಡಿಮೆಯಾದದ್ದೇ ಕಾಯಿಲೆಯಾಗಿದ್ದರೆ ಸಂಜೆಯೊಳಗೆ ವಾಸಿಯಾಗಬೇಕಿತ್ತು.

ಇಲ್ಲಿ ಮುನೀಮನನ್ನು ಕರೆಯಬೇಕು. ಕೆನಡಾದ ಬ್ಲಿಯೆ ಮತ್ತು ಡಿ ಮಾಂಟಿನ್ಯಿ 1980ರ ದಶಕದಲ್ಲಿ ಇಂಥ ಔಷಧಿ ಕೊಟ್ಟ ಇಲಿಗಳ ಸೆರೊಟೋನಿನ್ ನರಕೋಶಗಳ ಮಿಡಿತವನ್ನು ದಾಖಲಿಸಿದರು. ಮೊದಲೆರಡು ದಿನ ಮಿಡಿತ ಕುಸಿಯಿತು; ಅಂಗಳದಲ್ಲಿ ಕಾಳು ಹೆಚ್ಚಾದದ್ದನ್ನು ಕಂಡ ಮುನೀಮ ‘ಸುರೀಬ್ಯಾಡ್ರಿ’ ಎಂದ. ಎರಡು ವಾರ ಔಷಧಿ ಮುಂದುವರಿದಾಗ ಸ್ವಗ್ರಾಹಕ ಮಂದವಾಯಿತು, ಮುನೀಮ ಕೂಗಿ ಕೂಗಿ ಸುಮ್ಮನಾದ, ಮಿಡಿತ ಮೊದಲಿನಂತಾಯಿತು. ಆಗ ಮಾತ್ರ ಗುಡಿಸದ ಅಂಗಳದ ಪೂರ್ಣ ಪರಿಣಾಮ. ಹುಡುಗಿಯ ತಾಯಿಗೆ ಮೊದಲ ವಾರ ‘ಗುಳಗಿ ನಾಟಲಿಲ್ಲ’ ಎನಿಸಿದ್ದರೆ ಅದಕ್ಕೆ ಒಂದು ಕಾರಣ ಇದಿರಬಹುದು.

ಇಷ್ಟಕ್ಕೂ ಕಥೆ ಮುಗಿಯುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ನಡೆದ ಎರಡು ಕೆಲಸಗಳನ್ನು ಪ್ರಶಿಕ್ಷಣಾರ್ಥಿಗಳು ಅಗತ್ಯವಾಗಿ ತಿಳಿದಿರಬೇಕು, ನಮ್ಮ ರಾಜ್ಯದವು ಎಂಬ ಕಾರಣಕ್ಕಷ್ಟೇ ಅಲ್ಲ. 2002ರಲ್ಲಿ ಅಜಯ್ ವ್ಯಾಸ್, ರೂಪ್ಶಿ ಮಿತ್ರಾ, ಬಿ. ಎಸ್. ಶಂಕರನಾರಾಯಣ ರಾವ್, ಸುಮಂತ್ರ ಚಟರ್ಜಿ ಇಲಿಗಳನ್ನು ಹತ್ತು ದಿನ, ದಿನಕ್ಕೆ ಎರಡು ಗಂಟೆ ಅಲುಗಾಡದಂತೆ ಕಟ್ಟಿಟ್ಟು ನೋಡಿದರು. ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಭಾಗದ ನರಕೋಶಗಳ ಕೊಂಬೆಗಳು ಕುಗ್ಗಿದವು. ಭಯಕ್ಕೆ ಸಂಬಂಧಿಸಿದ ಅಮಿಗ್ಡಲದಲ್ಲಿ ಅವು ಇನ್ನಷ್ಟು ಕವಲೊಡೆದವು. ಒಂದೇ ಒತ್ತಡ ಮಿದುಳಿನ ಎರಡು ಕಡೆ ಎರಡು ದಿಕ್ಕಿಗೆ ಎಳೆಯಿತು. ರಾಸಾಯನಿಕದ ಏರಿಳಿತದ ಜೊತೆಗೆ ನರಕೋಶದ ಆಕಾರವೇ ಬದಲಾಗುತ್ತದೆಂಬುದು ಇದರಿಂದ ಸ್ಪಷ್ಟ. ವಾರಗಟ್ಟಲೆ ಹಿಡಿಯುವ ಚೇತರಿಕೆಗೆ ಇಂಥ ರಚನೆಯ ಬದಲಾವಣೆಯೂ ಒಂದು ವಿವರಣೆ.

ಎರಡನೆಯದು ವಿ. ಭಾಗ್ಯ, ಬಿ. ಎನ್. ಶ್ರೀಕುಮಾರ್, ಟಿ. ಆರ್. ರಾಜು ಮತ್ತು ಶಂಕರನಾರಾಯಣ ರಾವ್ ಅವರು ನಿಮ್ಹಾನ್ಸ್‌ನಿಂದ 2011ರಲ್ಲಿ ಪ್ರಕಟಿಸಿದ್ದು. ಹುಟ್ಟಿ ಕೆಲವೇ ದಿನಗಳಾದ ಇಲಿಮರಿಗಳಿಗೆ ಕ್ಲೊಮಿಪ್ರಮಿನ್ ಕೊಟ್ಟರೆ ಅವು ಬೆಳೆದ ಮೇಲೆ ಖಿನ್ನತೆಯಂತಹ ವರ್ತನೆ ತೋರುತ್ತವೆ. ಅಂಥ ಇಲಿಗಳಲ್ಲಿ ದಾರಿ ಕಲಿಯುವ ಶಕ್ತಿ ಕುಂದಿತ್ತು, ಮೊನೊಅಮೈನುಗಳ ಮಟ್ಟ ತಗ್ಗಿತ್ತು, ಹಿಪೊಕ್ಯಾಂಪಸ್‌ನಲ್ಲಿ ಸಂಸರ್ಗಗಳು ಬಲಗೊಳ್ಳುವ ಗುಣವೂ ಕಡಿಮೆಯಾಗಿತ್ತು. ದಿನಗಟ್ಟಲೆ ಎಸ್ಸಿಟಲೊಪ್ರಾಮ್ ಕೊಟ್ಟಾಗ ಈ ಮೂರೂ ಚೇತರಿಸಿಕೊಂಡವು. ಇದರಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಕ್ಲೊಮಿಪ್ರಮಿನ್ ಸ್ವತಃ ಖಿನ್ನತೆಯ ಔಷಧಿ! ಬೆಳೆಯುತ್ತಿರುವ ಮಿದುಳಿಗೆ ಕೊಟ್ಟಾಗ ಅದೇ ಮದ್ದು ಮುಂದೆ ಖಿನ್ನತೆಯ ಮಾದರಿಯನ್ನು ಸೃಷ್ಟಿಸಿತು. ಔಷಧಿಯ ಗುಣ ಔಷಧಿಯಲ್ಲಿ ಮಾತ್ರ ಇಲ್ಲ. ಯಾವ ವಯಸ್ಸಿನ, ಯಾವ ಸ್ಥಿತಿಯ ಮಿದುಳಿಗೆ ಹೋಯಿತು ಎಂಬುದರಲ್ಲಿಯೂ ಇದೆ. ಅಕ್ಕನ ಗುಳಿಗೆಯನ್ನು ತಂಗಿಗೆ ಕೊಡುವ ನಮ್ಮ ಮನೆಗಳ ರೂಢಿಯ ಬಗ್ಗೆ ತರಗತಿಯಲ್ಲಿ ಮಾತನಾಡಲು ಇದು ಒಳ್ಳೆಯ ಜಾಗ.

ಇಲಿಯಿಂದ ಮನುಷ್ಯನಿಗೆ ಎಷ್ಟು ದೂರ

ಪಾಠ ಟಿಪ್ಪಣಿಗಳಲ್ಲಿ ‘ಖಿನ್ನತೆಗೆ ಒಳಗಾದ ಇಲಿ’ ಎಂಬ ಪದ ಕಂಡರೆ ಅದರ ಕೆಳಗೆ ನಾನು ಗೆರೆ ಎಳೆಯುತ್ತೇನೆ. ಇಲಿಗೆ ‘ಬದುಕು ಬೇಡ’ ಎನಿಸಿದೆಯೋ ಇಲ್ಲವೋ ಕೇಳಿ ತಿಳಿಯಲು ಬರುವುದಿಲ್ಲ. 1977ರಲ್ಲಿ ಪೊರ್ಸೊಲ್ಟ್ ರೂಪಿಸಿದ ಈಜುಪರೀಕ್ಷೆಯನ್ನು ನೋಡಿ. ನೀರಿನ ಪಾತ್ರೆಯಲ್ಲಿ ಬಿಟ್ಟ ಇಲಿ ಮೊದಲು ಹೊರಬರಲು ಒದ್ದಾಡುತ್ತದೆ, ಆಮೇಲೆ ತೇಲುತ್ತ ಸುಮ್ಮನಾಗುತ್ತದೆ. ಔಷಧಿ ಕೊಟ್ಟರೆ ಒದ್ದಾಟದ ಹೊತ್ತು ಹೆಚ್ಚುತ್ತ ಹೋಗುತ್ತದೆ. ಸುಮ್ಮನಾದದ್ದು ಹತಾಶೆಯೋ, ಶಕ್ತಿ ಉಳಿಸುವ ಜಾಣತನವೋ? ಈ ಪರೀಕ್ಷೆಯಲ್ಲಿ ಔಷಧಿ ಒಂದು ದಿನದೊಳಗೇ ಕೆಲಸ ಮಾಡುತ್ತದೆ, ಮನುಷ್ಯರಲ್ಲಿ ವಾರಗಳು ಬೇಕು. ಆದ್ದರಿಂದ ಎರಡೂ ಒಂದೇ ಎನ್ನಲಾಗದು. ಆ್ಯಂಫೆಟಮಿನ್‌ನಂಥ ಉತ್ತೇಜಕ ಕೊಟ್ಟರೂ ಇಲಿ ಹೆಚ್ಚು ಹೊತ್ತು ಈಜುತ್ತದೆ, ಅದು ಕೇವಲ ಚಟುವಟಿಕೆ ಹೆಚ್ಚಿದ್ದರಿಂದ. ನನ್ನ ಮಟ್ಟಿಗೆ ತರಗತಿಯಲ್ಲಿ ಚರ್ಚೆಗೆ ಇಡಲು ಈ ಪರೀಕ್ಷೆ ಒಳ್ಳೆಯದು, ಪುರಾವೆಯಾಗಿ ಮುಂದಿಡಲು ಬಹಳ ದುರ್ಬಲ. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ನೈತಿಕ ಸಮಿತಿಯ ಒಪ್ಪಿಗೆ ಬೇಕೆಂಬುದನ್ನೂ ಮಕ್ಕಳಿಗೆ ತಿಳಿಸಬೇಕು. ‘ಇಲಿಗಳಿಗೆ ನೋವಾಗುದಿಲ್ಲೇನ್ರಿ’ ಎಂದು ಕೇಳುವ ಮಗು ಪಾಠವನ್ನು ದಾರಿ ತಪ್ಪಿಸುತ್ತಿಲ್ಲ.

ಮನುಷ್ಯರ ಪುರಾವೆ ಬೇರೆಯೇ ಇದೆ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಪರಾಮರ್ಶೆ 522 ಪ್ರಯೋಗಗಳ ಸುಮಾರು 1.16 ಲಕ್ಷ ವಯಸ್ಕ ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ, ಪರಿಶೀಲಿಸಿದ 21 ಔಷಧಿಗಳೂ ಹುಸಿಗುಳಿಗೆಗಿಂತ ಮೇಲು ಎಂದಿತು. ಮೇಲು ಎಂಬುದರ ಪ್ರಮಾಣ ಸಾಧಾರಣ. 2022ರಲ್ಲಿ ಬಂದ ಮತ್ತೊಂದು ಪರಾಮರ್ಶೆ ಸೆರೊಟೋನಿನ್ ಕೊರತೆಯೇ ಖಿನ್ನತೆಗೆ ಕಾರಣ ಎಂಬುದಕ್ಕೆ ಸ್ಥಿರವಾದ ಪುರಾವೆ ಇಲ್ಲ ಎಂದಿತು. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಪ್ರಶಿಕ್ಷಣಾರ್ಥಿಗಳಿಗೆ ಮೊದಲು ಕಷ್ಟವೆನಿಸುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೆಲಸ ಮಾಡುತ್ತದೆ. ಹಾಗೆಂದು ಮೈಯಲ್ಲಿ ಪ್ಯಾರಾಸಿಟಮಾಲ್ ಕಡಿಮೆಯಾದದ್ದರಿಂದ ಜ್ವರ ಬಂತೆಂದು ಯಾರೂ ಹೇಳುವುದಿಲ್ಲ. ಈ ಉದಾಹರಣೆ ತರಗತಿಯಲ್ಲಿ ಸಾಕು.

ಅವಧಿಯೊಳಗೆ

ನಲವತ್ತು ನಿಮಿಷಕ್ಕೆ ಇದೆಲ್ಲ ಬಹಳ. ಪ್ರೌಢಶಾಲೆಯಲ್ಲಿ ಗಂಜ್‌ನ ಆಟ, ಮೊಲದ ಪ್ರಯೋಗ, ಡಿ ಕಿಯಾರಾ ಅವರ ಇಲಿಗಳು ಇಷ್ಟೇ ಇರಲಿ. ಉಳಿದದ್ದು ಶಿಕ್ಷಕರ ಜೋಳಿಗೆಯಲ್ಲಿ ಪ್ರಶ್ನೆಗಾಗಿ ಕಾಯಲಿ. ಆಟಕ್ಕೆ ಒಂದು ಪಾವು ತೊಗರಿ, ನಾಲ್ಕು ಬಟ್ಟಲು, ಮೇಜಿನ ಮೇಲೆ ಸೀಮೆಸುಣ್ಣದಿಂದ ಎಳೆದ ಅಂಗಳ ಸಾಕು. ಒಬ್ಬರು ಹಮಾಲ, ಇಬ್ಬರು ಗುಡಿಸುವವರು, ಒಬ್ಬರು ಮುನೀಮ. ಮೊದಲು ಸಹಜ ಓಟ. ನಂತರ ಗುಡಿಸುವವರಲ್ಲಿ ಒಬ್ಬರ ಕೈ ಕಟ್ಟಿಸಿ. ಆಮೇಲೆ ಅವರನ್ನು ಉಲ್ಟಾ ಓಡಿಸಿ. ಪ್ರತಿ ಸಲವೂ ಅಂಗಳದಲ್ಲಿ ಉಳಿದ ಕಾಳನ್ನು ಎಣಿಸಿ ಕರಿಹಲಗೆಯ ಮೇಲೆ ಬರೆಯಿಸಿ. ಸಂಖ್ಯೆಗಳು ಕಣ್ಣೆದುರು ಇದ್ದರೆ ವಿವರಣೆ ಮಕ್ಕಳಿಂದಲೇ ಬರುತ್ತದೆ. ಔಷಧಿಗಳ ವ್ಯಾಪಾರದ ಹೆಸರು, ಪ್ರಮಾಣ ಯಾವುದೂ ಪಾಠದಲ್ಲಿ ಬರಕೂಡದು.

ಮಗು ಮನೆಯ ವಿಷಯ ತೆಗೆದರೆ ತರಗತಿಯ ಮುಂದೆ ಮರುಪ್ರಶ್ನೆ ಹಾಕಬೇಡಿ. ಸಾಮಾನ್ಯ ಉತ್ತರವನ್ನು ಎಲ್ಲರಿಗೂ ಕೊಟ್ಟು, ಅವಧಿ ಮುಗಿದ ಮೇಲೆ ಬೇರೆಯಾಗಿ ಮಾತಾಡಿಸಿ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಮನಸ್ಸಿನ ಕಾಯಿಲೆಗೆ ಊರಿನಲ್ಲಿಯೇ ಔಷಧಿ ಸಿಗುವಂತೆ ಮಾಡಿ ತೋರಿಸಿತು. ಅದೇ ಮಾದರಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬಿತು. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಈ ಸಂಖ್ಯೆಯನ್ನು ಪಾಠದ ಕೊನೆಗೆ ಕರಿಹಲಗೆಯ ಮೂಲೆಯಲ್ಲಿ ಎಲ್ಲರಿಗಾಗಿ ಬರೆದಿಟ್ಟರೆ ಯಾರಿಗೆ ಬೇಕೋ ಅವರು ಯಾರಿಗೂ ಹೇಳದೆ ಬರೆದುಕೊಳ್ಳುತ್ತಾರೆ.

ಮೌಲ್ಯಮಾಪನಕ್ಕೆ ‘ಸಂಸರ್ಗ ಎಂದರೇನು’ ಎಂಬ ಪ್ರಶ್ನೆಯ ಬದಲು ಇವನ್ನು ಪ್ರಯತ್ನಿಸಿ ನೋಡಿ. ರಿಸರ್ಪಿನ್ ಕೊಟ್ಟ ಮೊಲಕ್ಕೆ ಮರುಹೀರಿಕೆ ತಡೆಯುವ ಔಷಧಿಯನ್ನು ಮಾತ್ರ ಕೊಟ್ಟರೆ ಅಂಗಳದಲ್ಲಿ ಕಾಳು ಹೆಚ್ಚುತ್ತದೆಯೇ? ಹುಳಗಳನ್ನು ಕೊಲ್ಲುವ ಔಷಧಿಯನ್ನು ರಿಸರ್ಪಿನ್‌ಗಿಂತ ಮೊದಲೇ ಕೊಟ್ಟಿದ್ದರೆ? ಮೊದಲನೆಯದಕ್ಕೆ ‘ಚೀಲವೇ ಖಾಲಿ ಇದ್ದಾಗ ಗುಡಿಸುವವರನ್ನು ತಡೆದು ಏನು ಬಂತು’ ಎಂಬಂಥ ಉತ್ತರ ಬಂದರೆ ಪೂರ್ಣ ಅಂಕ ಕೊಡಿ, ಪಠ್ಯದ ಭಾಷೆಯಲ್ಲಿ ಇಲ್ಲದಿದ್ದರೂ ಸರಿ. ಎರಡನೆಯದಕ್ಕೆ ಉತ್ತರ ಹುಡುಕಲು ಮಕ್ಕಳು ಮತ್ತೆ ತೊಗರಿಯ ಬಟ್ಟಲಿಗೆ ಕೈ ಹಾಕುತ್ತಾರೆ. ಗಂಟೆ ಹೊಡೆದರೂ ಹಾಕಲಿ.